ಎಕೋ ತಗ್ಗಿಸುವ ಬಟ್ಟೆ: ಊದಿ ನೋಡಿದೆ, ಸುಟ್ಟೂ ನೋಡಿದೆ

ಈಗಿನ ಆಫೀಸುಗಳಲ್ಲಿ ಗಾಜು, ಟೈಲ್ಸ್, ಜಿಪ್ಸಮ್ ಬೋರ್ಡೇ ಜಾಸ್ತಿ. ಮೀಟಿಂಗ್ ರೂಮಿನಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡರೂ ಸದ್ದು ಗೋಡೆಯಿಂದ ಗೋಡೆಗೆ ಓಡಾಡುತ್ತದೆ. ಬಟ್ಟೆ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಯಾವ ಬಟ್ಟೆ? ನಾನು ಸೈಟುಗಳಲ್ಲಿ ಬಳಸಿ ನೋಡಿದವು ನಾಲ್ಕು: ಎಫ್‌ಆರ್ (ಬೆಂಕಿ ತಡೆಯುವ) ಕೆಮಿಕಲ್ ಹಾಕಿದ ಹತ್ತಿ, ನೂಲಿನಲ್ಲೇ ಬೆಂಕಿ ತಡೆಯುವ ಗುಣ ಇರುವ ಪಾಲಿಯೆಸ್ಟರ್, ಉಣ್ಣೆ, ಮತ್ತು ಪಾಲಿಯೆಸ್ಟರ್ ಫೆಲ್ಟ್ ಬೋರ್ಡ್, ಅಂದರೆ ನಾರನ್ನು ಒತ್ತಿ ಮಾಡಿದ ಹಲಗೆ.

ಮೊಟ್ಟೆ ಟ್ರೇ ಥರದ ಅಗ್ಗದ ಫೋಮ್ ಈ ಲೆಕ್ಕದಲ್ಲೇ ಇಲ್ಲ. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ ಪಟಾಕಿಯ ಕಿಡಿ ತಗುಲಿ ಹೊತ್ತಿದ್ದು ಸದ್ದು ತಡೆಯಲು ಅಂಟಿಸಿದ್ದ ಪಾಲಿಯುರೆಥೇನ್ ಫೋಮ್. 100 ಜನ ಸತ್ತರು. 2013ರಲ್ಲಿ ಬ್ರೆಜಿಲ್‌ನ ಕಿಸ್ ನೈಟ್‌ಕ್ಲಬ್ಬಿನಲ್ಲೂ ಇದೇ ಕಥೆ, ಸತ್ತವರು 242. ಆದರೂ ನಮ್ಮಲ್ಲಿ ಸ್ಟುಡಿಯೋ, ಪಬ್ಬು ಅಂದರೆ ಮೊದಲು ಅದನ್ನೇ ಕೇಳುತ್ತಾರೆ.

ಮೊದಲು ಸದ್ದಿನ ವಿಷಯ. ತೆಳು ಬಟ್ಟೆಯನ್ನು ಗೋಡೆಗೆ ಹಾಗೇ ಅಂಟಿಸಿದರೆ ಸದ್ದು ಹೆಚ್ಚುಕಮ್ಮಿ ಇದ್ದಂಗೇ ಇರುತ್ತದೆ. ಕೆಲಸ ಮಾಡುವುದು ಅದರ ಹಿಂದಿನ 50 ಮಿ.ಮೀ. ರಾಕ್‌ವುಲ್, ಅಂದರೆ ಕಲ್ಲು ಕರಗಿಸಿ ತೆಗೆದ ಎಳೆಗಳ ಹಾಸು. ಬಟ್ಟೆಯ ಕೆಲಸ ಸದ್ದನ್ನು ಒಳಗೆ ಬಿಡುವುದು, ಅಷ್ಟೇ. ಅದಕ್ಕೇ ಅಂಗಡಿಯಲ್ಲಿ ನಾನು ಸ್ಯಾಂಪಲನ್ನು ಬಾಯಿಗೆ ಹಿಡಿದು ಊದುತ್ತೇನೆ. ಉಸಿರು ಸಲೀಸಾಗಿ ಆಚೆ ಹೋದರೆ ಸರಿ. ಹಿಂದೆ ಅಕ್ರಿಲಿಕ್ ಕೋಟಿಂಗ್ ಇರುವ ಸೋಫಾ ಬಟ್ಟೆ ಇಲ್ಲೇ ಫೇಲ್. ನೋಡಲು ಎಷ್ಟೇ ಚಂದ ಇರಲಿ, ಪ್ಯಾನಲ್ಲಿಗೆ ಬೇಡ. ಬಿಡಿ ನೇಯ್ಗೆಯ ಪಾಲಿಯೆಸ್ಟರ್ ಇದರಲ್ಲಿ ಸುಲಭವಾಗಿ ಗೆಲ್ಲುತ್ತದೆ.

ಫೆಲ್ಟ್ ಬೋರ್ಡಿಗೆ ರಾಕ್‌ವುಲ್ ಬೇಡ, ಚಾಕುವಿನಲ್ಲಿ ಕತ್ತರಿಸಿ ಅಂಟಿಸಿದರೆ ಆಯಿತು. ಕೆಲಸ ಬೇಗ ಮುಗಿಯುತ್ತದೆ, ಕಾರ್ಪೆಂಟರಿಗೂ ಖುಷಿ. ಆದರೆ 9 ಮಿ.ಮೀ. ಬೋರ್ಡನ್ನು ನೇರ ಗೋಡೆಗೆ ಅಂಟಿಸಿದಾಗ ಚಪ್ಪಾಳೆಯ ಚುರುಕು ಸದ್ದು ಮಾತ್ರ ತಗ್ಗಿತು. ಗಂಡಸಿನ ದಪ್ಪ ದನಿಯ ಗುಂಯ್‌ಗುಡುವಿಕೆ ಹಾಗೇ ಉಳಿಯಿತು. ಹಿಂದೆ ರೀಪರ್ ಪಟ್ಟಿ ಹೊಡೆದು ಎರಡು ಇಂಚು ಗಾಳಿ ಜಾಗ ಬಿಟ್ಟ ಮೇಲೆ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಎನ್‌ಆರ್‌ಸಿ (ಎಷ್ಟು ಸದ್ದು ಹೀರುತ್ತದೆ ಅನ್ನುವ) ಅಂಕಿ ತೋರಿಸುವವರನ್ನು ಕೇಳಿ: ಗಾಳಿ ಜಾಗ ಬಿಟ್ಟು ಅಳೆದಿದ್ದೋ, ಬಿಡದೆಯೋ?

ಇನ್ನು ಬೆಂಕಿ. ಲೈಟರ್ ಹಿಡಿದಾಗ ಕೆಮಿಕಲ್ ಹಾಕಿದ ಹೊಸ ಹತ್ತಿ ಕಪ್ಪಾಗಿ ಕರಕಲಾಯಿತು, ಉರಿಯಲಿಲ್ಲ, ತೊಟ್ಟಿಕ್ಕಲೂ ಇಲ್ಲ. ಅದೇ ಥಾನಿನ ಇನ್ನೊಂದು ತುಂಡನ್ನು ಸೋಪುನೀರಿನಲ್ಲಿ ಹಲವು ಸಲ ಒಗೆದು ಒಣಗಿಸಿ ಹಚ್ಚಿದೆ. ಮಾಮೂಲಿ ಹತ್ತಿಯ ಹಾಗೆ ಹೊತ್ತಿಕೊಂಡಿತು. ನೀರಲ್ಲಿ ಕರಗುವ ಉಪ್ಪು ಲೇಪಿಸಿದ ಬಟ್ಟೆಗಳ ಕಥೆಯೇ ಇದು. ಒಗೆತಕ್ಕೆ ನಿಲ್ಲುವ ಲೇಪನಗಳೂ ಇವೆ, ಬೆಲೆ ಜಾಸ್ತಿ. ಮಂಗಳೂರಿನಂಥ ಕಡೆ ಇನ್ನೊಂದು ತಲೆನೋವು. ಈ ಉಪ್ಪು ತೇವ ಎಳೆಯುತ್ತದೆ, ಬಟ್ಟೆಯಲ್ಲಿ ಕಲೆ ಮೂಡುತ್ತದೆ, ಸ್ಟೇಪಲ್ ಪಿನ್ನು ತುಕ್ಕು ಹಿಡಿಯುತ್ತದೆ.

ಟ್ರೆವಿರಾ ಸಿಎಸ್ ಬ್ರ್ಯಾಂಡಿನ ಥರದ ಪಾಲಿಯೆಸ್ಟರಿನಲ್ಲಿ ರಂಜಕದ ಅಂಶ ನೂಲಿನೊಳಗೇ ಸೇರಿರುತ್ತದೆ. ಒಗೆದರೂ ಹೋಗಲ್ಲ. ಬೆಂಕಿ ಹತ್ತಿರ ಬಂದರೆ ಕರಗಿ ಹಿಂದೆ ಸರಿಯಿತು, ಲೈಟರ್ ತೆಗೆದೊಡನೆ ಆರಿತು. ಕರಗುತ್ತದೆ ಅನ್ನುವುದೇ ಇದರ ಒಂದು ಕೊರತೆ. ಉರಿಯುವ ಹನಿ ಬೀಳುತ್ತದಾ ಅಂತ ಸರ್ಟಿಫಿಕೇಟಿನಲ್ಲಿ ನೋಡಬೇಕು. ಯುರೋಪಿನ ಬೆಂಕಿ ಮಾನದಂಡ ಇಎನ್ 13501ರಲ್ಲಿ ‘ಡಿ0’ ಅಂತ ಇದ್ದರೆ ಹನಿ ಇಲ್ಲ, ‘ಎಸ್1’ ಅಂದರೆ ಹೊಗೆ ಕಡಿಮೆ. ಫೆಲ್ಟ್ ಬೋರ್ಡಿಗೂ ಇದೇ ಪರೀಕ್ಷೆ ಕೇಳಿ.

ಉಣ್ಣೆ ಸಹಜವಾಗಿಯೇ ಸುಲಭಕ್ಕೆ ಹೊತ್ತುವುದಿಲ್ಲ, ಕೆಮಿಕಲ್ ಇಲ್ಲದೆಯೂ. ಮುಟ್ಟಲು ಹಿತ. ದುಡ್ಡು ಮಾತ್ರ ಕಣ್ಣು ಕುಕ್ಕುತ್ತದೆ, ನುಸಿ ಕಾಟ ಬೇರೆ. ಎಂಡಿ ಕ್ಯಾಬಿನ್ನಿಗೆ ಸರಿ, ಕಾಲ್ ಸೆಂಟರಿಗೆ ಸುಮ್ನೆ ದಂಡ.

ಲೈಟರ್ ಪರೀಕ್ಷೆ ನನ್ನ ಸಮಾಧಾನಕ್ಕೆ, ಅಗ್ನಿಶಾಮಕ ಇಲಾಖೆಯ ಫೈರ್ ಎನ್‌ಒಸಿಗೆ ನಡೆಯಲ್ಲ. ಕಾಗದದಲ್ಲೂ ಗೊಂದಲ ಇದೆ. ಅಮೆರಿಕದ ಎನ್‌ಎಫ್‌ಪಿಎ 701 ತೂಗುಬಿಟ್ಟ ಪರದೆಯ ಪರೀಕ್ಷೆ. ಗೋಡೆಗೆ ಬಿಗಿದ ಪ್ಯಾನಲ್ಲಿಗೆ ಬೆಂಕಿ ಎಷ್ಟು ಹರಡುತ್ತದೆ ಅಂತ ನೋಡುವ ಎಎಸ್‌ಟಿಎಂ ಇ84 ಕೇಳಬೇಕು, ಅದರಲ್ಲಿ ಅತ್ಯುತ್ತಮ ದರ್ಜೆ ಕ್ಲಾಸ್ ಎ. ಅದೂ ಬರೀ ಬಟ್ಟೆಗಲ್ಲ. ಬಟ್ಟೆ, ಅಂಟು, ರಾಕ್‌ವುಲ್ ಎಲ್ಲ ಸೇರಿದ ಪ್ಯಾನಲ್ಲಿಗೆ. ಒಳ್ಳೆ ಬಟ್ಟೆಯ ಹಿಂದೆ ಸಿಕ್ಕಸಿಕ್ಕ ಅಂಟು ಬಳಿದರೆ ಬಟ್ಟೆಯ ಸರ್ಟಿಫಿಕೇಟಿನಿಂದ ಏನು ಉಪಯೋಗ, ಅಲ್ವಾ?

ನಾನೀಗ ಹೆಚ್ಚಿನ ಆಫೀಸುಗಳಿಗೆ ಬರೆದುಕೊಡುವುದು ಎಫ್‌ಆರ್ ನೂಲಿನ ಪಾಲಿಯೆಸ್ಟರ್, ಹಿಂದೆ ರಾಕ್‌ವುಲ್. ಬಜೆಟ್ ಬಿಗಿ ಇದ್ದರೆ ಗಾಳಿ ಜಾಗ ಬಿಟ್ಟ ಫೆಲ್ಟ್. ಹತ್ತಿಯೇ ಬೇಕು ಅಂದವರನ್ನು ಒಂದೇ ಮಾತು ಕೇಳುತ್ತೇನೆ: ಐದು ವರ್ಷ ಆದ ಮೇಲೆ ಇದನ್ನು ಬಿಚ್ಚಿ ಒಗೆಯುವವರು ಯಾರು? ಹೌಸ್‌ಕೀಪಿಂಗ್‌ನವರು ಅಂದರೆ, ಹತ್ತಿಯ ಸ್ಯಾಂಪಲ್ ವಾಪಸ್ ಬ್ಯಾಗಿಗೆ.