ರಾಗಿ ಸರಿ ಕಲೆಗೆ ಎಂಜೈಮ್ ಲಿಕ್ವಿಡ್: ನೀರು ಬೆಚ್ಚಗಿದ್ದರೆ 5ಕ್ಕೆ 4, ಇಲ್ಲದಿದ್ದರೆ 2

ಮನೆಯಲ್ಲಿ ಪುಟ್ಟ ಮಗು ಇದ್ದವರಿಗೆ ರಾಗಿ ಸರಿ ಕಲೆ ಏನು ಅಂತ ಹೇಳಬೇಕಾಗಿಲ್ಲ. ಬಿಬ್‌ನ ಕತ್ತಿನ ಮಡಿಕೆಯಲ್ಲಿ ಸೇರಿ ಒಣಗಿದರೆ ಉಗುರಲ್ಲಿ ಕೆರೆದರೂ ಬರಲ್ಲ. ಅದಕ್ಕೇ ಕಲೆಯನ್ನು ಒಡೆದುಹಾಕುವ ಎಂಜೈಮ್ ಇರುವ ಈ ಬಟ್ಟೆ ಒಗೆಯುವ ಲಿಕ್ವಿಡ್ ತಂದೆವು. ವರ್ಷದ ಮೇಲಾಯ್ತು, ಈಗಲೂ ಅದನ್ನೇ ತರುತ್ತಿದ್ದೇವೆ. ವಾಸನೆ, ನೊರೆ ಎಲ್ಲ ಬೇರೆಯವುಗಳ ಹಾಗೇ ಬಿಡಿ.

ಸಂಜೆ ಬಕೆಟ್‌ಗೆ ಅರ್ಧ ತಣ್ಣೀರು ಬಿಟ್ಟು, ಗೀಸರ್ ನೀರು ಬೆರೆಸುತ್ತೇನೆ. ಮೊಣಕೈ ಅದ್ದಿ ನೋಡುತ್ತೇನೆ. 40 ಡಿಗ್ರಿ ಆಸುಪಾಸು, ಹಾಯಾಗಿ ಬೆಚ್ಚಗಿದ್ದರೆ ಸಾಕು. ಅರ್ಧ ಮುಚ್ಚಳ ಲಿಕ್ವಿಡ್ ಹಾಕಿ ಬಿಬ್ ಮುಳುಗಿಸಿ ಅಡುಗೆಮನೆಗೆ ಹೋಗುತ್ತೇನೆ. ಮುದ್ದೆ ತಿರುವಿ, ಸಾರು ಮಾಡಿ ಬರುವಷ್ಟರಲ್ಲಿ ಆ ಗಟ್ಟಿ ಪದರ ಲೋಳೆಯಾಗಿ ಹೆಬ್ಬೆರಳಿಗೆ ಜಾರಿಬರುತ್ತದೆ. ಬ್ರಷ್ ಬೇಡವೇ ಬೇಡ. ರಾಗಿಯ ಪಿಷ್ಟವನ್ನು ಅಮೈಲೇಸ್ ಅನ್ನುವ ಎಂಜೈಮ್ ತುಂಡು ಮಾಡುತ್ತದೆ, ಹಾಲು ಕಕ್ಕಿದ ಕಲೆಯನ್ನು ಪ್ರೋಟೀನ್ ಒಡೆಯುವ ಎಂಜೈಮ್ ಪ್ರೋಟಿಯೇಸ್ ನೋಡಿಕೊಳ್ಳುತ್ತದೆ.

ಸಿಟ್ಟು ಬಂದಿದ್ದು ಡಿಸೆಂಬರ್‌ನಲ್ಲಿ. ಹಾಸನದ ಚಳಿಗೆ ಬೆಳಗ್ಗೆ ಟ್ಯಾಂಕ್ ನೀರು ಕೈ ಕೊರೆಯುತ್ತದೆ. ಕ್ಯಾನ್ ಮೇಲೆ ದೊಡ್ಡಕ್ಷರದಲ್ಲಿ ‘ತಣ್ಣೀರಲ್ಲೂ ಕೆಲಸ ಮಾಡುತ್ತದೆ’ ಅಂತಿದೆ. ಮಾಡುತ್ತೆ, ಇಲ್ಲ ಅನ್ನಲ್ಲ. ಆದರೆ ನೀರು 10 ಡಿಗ್ರಿ ಇಳಿದರೆ ಎಂಜೈಮ್‌ನ ವೇಗ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಮಷಿನ್‌ನ ಕ್ವಿಕ್ ವಾಶ್‌ಗೆ ಅಷ್ಟು ಪುರುಸೊತ್ತೆಲ್ಲಿ? ‘ಹೊಸ ತಂತ್ರಜ್ಞಾನ’ ಅಂತ ಬೇರೆ ಬರೆದಿದ್ದಾರೆ. ಬಟ್ಟೆ ಒಗೆಯಲು ಎಂಜೈಮ್ ಬಳಸುವುದಕ್ಕೆ ಜರ್ಮನಿಯ ಓಟ್ಟೋ ರೋಮ್ ಪೇಟೆಂಟ್ ತೆಗೆದುಕೊಂಡಿದ್ದು 1913ರಲ್ಲಿ!

ನಮ್ಮ ಅತ್ತೆಯವರದು ಇನ್ನೊಂದು ವಾದ. ನೀರು ಕಾದಷ್ಟೂ ಕೊಳೆ ಬೇಗ ಹೋಗುತ್ತೆ ಅಂತ ಹಂಡೆಯ ಮರಳುವ ನೀರನ್ನೇ ಸುರಿಸುತ್ತಾರೆ. ಎಂಜೈಮೂ ಪ್ರೋಟೀನೇ ಅಲ್ವಾ? ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಕೆಟ್ಟರೆ ಕೆಟ್ಟಿತು, ನೀರು ಆರಿದ ಮೇಲೂ ಸರಿಹೋಗಲ್ಲ. ತಣ್ಣೀರಲ್ಲಿ ಹಾಗಲ್ಲ, ಸುಮ್ನೆ ನಿಧಾನ ಅಷ್ಟೆ. ಬೆಚ್ಚಗೆ ಮಾಡಿದರೆ ಮತ್ತೆ ಚುರುಕಾಗುತ್ತದೆ. ಇಷ್ಟನ್ನು ಕ್ಯಾನ್ ಮೇಲೆ ಎರಡು ಸಾಲಲ್ಲಿ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು? ರೇಷ್ಮೆ, ಉಣ್ಣೆಗೆ ಬಳಸಬೇಡಿ ಅನ್ನುವುದನ್ನೂ ಇರುವೆ ಗಾತ್ರದಲ್ಲಿ ಬರೆದಿದ್ದಾರೆ. ಪ್ರೋಟಿಯೇಸ್ ಆ ಎಳೆಗಳನ್ನೂ ಬಿಡುವುದಿಲ್ಲ.

ಅರಿಶಿನದ ಕಲೆಗೆ ಇದರ ಆಟ ನಡೆಯಲ್ಲ, ಅದಕ್ಕೆ ಬಿಸಿಲೇ ಗತಿ.

ನಮಗೆ ಪುಡಿಗಿಂತ ದುಬಾರಿ ಬೀಳುತ್ತದೆ. ಹಾಗಾಗಿ ಮಗುವಿನ ಬಟ್ಟೆಗೆ, ಶರ್ಟ್ ಕಾಲರ್‌ಗೆ ಮಾತ್ರ. ದೊಡ್ಡ ಕ್ಯಾನ್‌ಗೆ ಆಫರ್ ಇದ್ದರೂ ಬೇಸಿಗೆಯಲ್ಲಿ ತಗೊಳ್ಳಲ್ಲ. ನಮ್ಮ ಮಷಿನ್ ಇರುವುದು ಬಿಸಿಲು ಬೀಳುವ ಬಾಲ್ಕನಿಯಲ್ಲಿ, ಅಲ್ಲಿ ತಿಂಗಳುಗಟ್ಟಲೆ ಕಾದರೆ ಎಂಜೈಮ್ ಕ್ಯಾನ್‌ನಲ್ಲೇ ಸೊರಗುತ್ತದೆ.