ಇಪ್ಪತ್ತು ವರ್ಷ ರೈಸರ್‌ಎಫ್‌ಎಸ್ ಬಳಸಿದ ಮೇಲೆ, ಇನ್‌ಸ್ಟಾಲರ್ ಅದನ್ನು ಕೈಬಿಟ್ಟ ಮೇಲೆ

ಕಳೆದ ಮಳೆಗಾಲದಲ್ಲಿ ಹೊಸ ಪಿಸಿಗೆ ಲಿನಕ್ಸ್ ಹಾಕುತ್ತಿದ್ದೆ. ಹಳೇ 500 ಜಿಬಿ ಡಿಸ್ಕನ್ನೂ ಜೊತೆಗೇ ಜೋಡಿಸಿದ್ದೆ. ಪಾರ್ಟಿಶನ್ ಪಟ್ಟಿಯಲ್ಲಿ ಡಿಸ್ಕ್ ಕಾಣಿಸಿತು. ಸರಿ, ಮೌಂಟ್ ಮಾಡೋಣ, ಅಂದರೆ ಬಳಸಲು ತೆರೆಯೋಣ ಅಂತ ಫೈಲ್‌ಸಿಸ್ಟಮ್‌ಗಳ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವಿಧಾನಗಳ) ಪಟ್ಟಿ ಬಿಚ್ಚಿದೆ. ಎಕ್ಸ್ಟ್4, ಬಿಟಿಆರ್‌ಎಫ್‌ಎಸ್, ಎಕ್ಸ್‌ಎಫ್‌ಎಸ್ ಇದ್ದವು. ನನ್ನ ಡಿಸ್ಕಿನ ರೈಸರ್‌ಎಫ್‌ಎಸ್ ಇರಲಿಲ್ಲ. ಇನ್‌ಸ್ಟಾಲರ್ ಬೈಯಲಿಲ್ಲ, ಎಚ್ಚರಿಸಲೂ ಇಲ್ಲ. ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಅಂತ ಮಾತ್ರ ಕೇಳಿತು. ಆ ಬಟನ್ ಹತ್ತಿರ ಮೌಸ್ ಹೋದಾಗ ಮೈ ಜುಮ್ಮೆಂದಿತು.

ಯಾವ ಡಿಸ್ಟ್ರೋ, ಅಂದರೆ ಯಾರು ಕಟ್ಟಿಕೊಟ್ಟ ಲಿನಕ್ಸ್ ಅನ್ನುವುದು ಇಲ್ಲಿ ಬೇಡ. ಲಿನಕ್ಸ್‌ನ ತಿರುಳಾದ ಕರ್ನೆಲ್ 6.13ರಿಂದ ರೈಸರ್‌ಎಫ್‌ಎಸ್‌ನ ಕೋಡನ್ನೇ ತೆಗೆದುಹಾಕಿದ್ದಾರೆ. ಆ ಕರ್ನೆಲ್ ಬಂದದ್ದು 2025ರ ಜನವರಿಯಲ್ಲಿ. ಕರ್ನೆಲ್‌ಗೇ ಗೊತ್ತಿಲ್ಲದ್ದನ್ನು ಇನ್‌ಸ್ಟಾಲರ್ ಎಲ್ಲಿಂದ ತರಬೇಕು?

ನನ್ನ ಮತ್ತು ಇದರ ಸಂಬಂಧ ಶುರುವಾದದ್ದು 2005ರಲ್ಲಿ. ಆ ಜುಲೈ 26ರ ಮಳೆ ಮುಂಬೈಯಲ್ಲಿದ್ದವರು ಯಾರೂ ಮರೆಯುವುದಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ಡೊಂಬಿವಲಿಯಲ್ಲಿ ನಮ್ಮದು ನೆಲಮಹಡಿಯ ಮನೆ. ಟೇಬಲ್ ಕೆಳಗಿದ್ದ ಪಿಸಿ ನೀರು ಕುಡಿಯಿತು. ದೀಪಾವಳಿ ಬೋನಸ್ ಬಂದ ಮೇಲೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಬಿಡಿಬಿಡಿಯಾಗಿ ಸಾಮಾನು ಕೊಂಡು, ಲೋಕಲ್‌ನಲ್ಲಿ ಕ್ಯಾಬಿನೆಟ್ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಅದಕ್ಕೆ ಹಾಕಿದ್ದು ಸೂಸೆ ಲಿನಕ್ಸ್ 10.0. ಅದರ ಇನ್‌ಸ್ಟಾಲರ್ ತಾನಾಗಿಯೇ ರೈಸರ್‌ಎಫ್‌ಎಸ್ ಸೂಚಿಸುತ್ತಿತ್ತು. ನಾನು ‘ನೆಕ್ಸ್ಟ್’ ಒತ್ತಿದೆ, ಅಷ್ಟೇ.

ಆಗ ಇದು ನಿಜಕ್ಕೂ ಒಳ್ಳೇ ಮಾಲು. ಕರ್ನೆಲ್‌ನ ಮುಖ್ಯ ಕೋಡಿಗೆ ಸೇರಿದ ಮೊದಲ ಜರ್ನಲಿಂಗ್ ಫೈಲ್‌ಸಿಸ್ಟಮ್ ಇದೇ. 2001ರಲ್ಲಿ, 2.4.1ರಲ್ಲಿ. ಜರ್ನಲ್ ಅಂದರೆ ಏನು ಅನ್ನುವುದನ್ನು ಡೊಂಬಿವಲಿಯ ಲೋಡ್‌ಶೆಡ್ಡಿಂಗ್ ಕಾಲದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಡಿಸ್ಕಿನಲ್ಲಿ ಏನು ಬದಲಾಯಿಸಲು ಹೊರಟಿದೆ ಎಂದು ಮೊದಲು ಒಂದು ಕಡೆ ಬರೆದಿಡುತ್ತದೆ. ಕರೆಂಟ್ ಹೋಗಿ ಬಂದರೆ ಆ ಚೀಟಿ ನೋಡಿ ಕೆಲವೇ ಸೆಕೆಂಡಿನಲ್ಲಿ ಸರಿಮಾಡಿಕೊಳ್ಳುತ್ತದೆ. ಅದಕ್ಕೆ ಮೊದಲು ಎಕ್ಸ್ಟ್2 ಇದ್ದಾಗ, ಕರೆಂಟ್ ಬಂದ ಮೇಲೆ ಡಿಸ್ಕ್ ತಪಾಸಣೆ ಮುಗಿಯುವಷ್ಟರಲ್ಲಿ ಚಹಾ ಮಾಡಿ ಕುಡಿದು ಲೋಟ ತೊಳೆದಿಡಬಹುದಿತ್ತು.

ನನ್ನ ಕೆಲಸಕ್ಕೆ ಇನ್ನೊಂದು ಗುಣ ಹಿಡಿಸಿತು. ನಮ್ಮ ಏರಿಯಾದ ಕನ್ನಡ ಸಂಘದ ಲೆಕ್ಕ, ಸದಸ್ಯರ ವಿಳಾಸ, ಸ್ಮರಣ ಸಂಚಿಕೆಯ ಲೇಖನ ಎಲ್ಲ ನನ್ನ ಪಿಸಿಯಲ್ಲೇ. ಮೇಲ್ ಕೂಡ ಒಂದು ಪತ್ರಕ್ಕೆ ಒಂದು ಫೈಲ್ ಲೆಕ್ಕದಲ್ಲಿ ಕೂಡಿಡುತ್ತಿದ್ದೆ. ಒಂದು ಲಕ್ಷ ಪುಟಾಣಿ ಫೈಲ್ ದಾಟಿತ್ತು. ಎಕ್ಸ್ಟ್3ಯಂಥ ಫೈಲ್‌ಸಿಸ್ಟಮ್‌ಗಳಲ್ಲಿ 200 ಬೈಟಿನ ಫೈಲೂ 4 ಕೆಬಿಯ ಒಂದು ಬ್ಲಾಕ್ ಪೂರ್ತಿ ಹಿಡಿಯುತ್ತದೆ. ರೈಸರ್‌ಎಫ್‌ಎಸ್ ಹಾಗಲ್ಲ. ಅಂಥ ಚೂರುಗಳನ್ನೆಲ್ಲ ಒಂದೇ ಬ್ಲಾಕಿಗೆ ತುರುಕುತ್ತದೆ, ಸಂಜೆ ಆರರ ಕಲ್ಯಾಣ ಲೋಕಲ್ ಥರ. ಐನೋಡ್ (ಪ್ರತಿ ಫೈಲಿನ ವಿವರ ಇಡುವ ದಾಖಲೆ) ಎಷ್ಟು ಬೇಕು ಎಂದು ಫಾರ್ಮ್ಯಾಟ್ ಮಾಡುವಾಗಲೇ ಲೆಕ್ಕ ಹಾಕಬೇಕಾಗಿಯೂ ಇಲ್ಲ. ಎಕ್ಸ್ಟ್3ಯಲ್ಲಿ ಜಾಗ ಇದ್ದರೂ ಐನೋಡ್ ಮುಗಿದು ‘ಡಿಸ್ಕ್ ತುಂಬಿದೆ’ ಅನ್ನಿಸಿಕೊಂಡ ಸ್ನೇಹಿತರು ನನಗಿದ್ದರು.

2008ರ ಹೊತ್ತಿಗೆ ಕೇಳಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಒಂದು ಸ್ಟಾರ್ ಬಿದ್ದದ್ದು 2009ರಲ್ಲಿ. ರ್‍ಯಾಮ್ ಕೆಟ್ಟು ಡಿಸ್ಕಿನ ಮೇಲೆ ಕಸ ಬರೆಯಿತು. ತಪಾಸಣೆ ಮಾಡುವ ರೈಸರ್‌ಎಫ್‌ಎಸ್‌ಸಿಕೆ ‘ರೀಬಿಲ್ಡ್ ಟ್ರೀ’ ಮಾಡು ಅಂದಿತು, ಅಂದರೆ ರೈಸರ್‌ಎಫ್‌ಎಸ್ ಎಲ್ಲವನ್ನೂ ಜೋಡಿಸಿಡುವ ಮರದಂಥ ಪಟ್ಟಿಯನ್ನು ಮತ್ತೆ ಕಟ್ಟು ಅಂತ. ಬರೇ ವೈ ಒತ್ತಿದರೆ ಸಾಲದು, ದೊಡ್ಡ ಅಕ್ಷರದಿಂದ ಶುರುಮಾಡಿ ‘ಯೆಸ್’ ಎಂದು ಪೂರ್ತಿ ಟೈಪ್ ಮಾಡಬೇಕು. ಅಷ್ಟು ಕೇಳುವಾಗಲೇ ನಾನು ನಿಲ್ಲಬೇಕಿತ್ತು. ಈ ಕೆಲಸ ಡಿಸ್ಕ್ ಪೂರ್ತಿ ಗುಡಿಸಿ, ಮರದ ಎಲೆಯಂತೆ ಕಾಣುವ ಪ್ರತಿ ಬ್ಲಾಕನ್ನೂ ಹೆಕ್ಕಿ ಮತ್ತೆ ಕಟ್ಟುತ್ತದೆ. ನನ್ನ ಡಿಸ್ಕಿನಲ್ಲಿ ಒಂದು ವರ್ಚುವಲ್ ಮಷೀನಿನ (ಪಿಸಿಯೊಳಗೇ ನಡೆಯುವ ಇನ್ನೊಂದು ಪಿಸಿಯ) ಡಿಸ್ಕ್ ಇಮೇಜ್ ಇತ್ತು, ಅದರೊಳಗೂ ರೈಸರ್‌ಎಫ್‌ಎಸ್ಸೇ. ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಅದಕ್ಕೆ ತಿಳಿಯಲಿಲ್ಲ. ಪಕ್ಕದ ಮನೆಯವರ ಬಟ್ಟೆ ನಮ್ಮ ಹಗ್ಗದ ಮೇಲೆ ಬಂದ ಹಾಗೆ, ಒಳಗಿನ ಫೈಲ್ ಎಲ್ಲ ಹೊರಗೆ ಬಂದು ಸೇರಿದವು. ಹೆಸರು ಕಳೆದುಕೊಂಡ ಫೈಲ್ ಹಾಕುವ ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರ್ ತುಂಬ ಬರೇ ನಂಬರ್ ಹೆಸರಿನ ಫೈಲ್. ಮೂರು ಭಾನುವಾರ ಅದನ್ನೇ ಆರಿಸುತ್ತ ಕೂತೆ. ಇದು ಇದರ ಗೊತ್ತಿರುವ ದೋಷ. ನನಗೆ ಆಮೇಲೆ ಗೊತ್ತಾಯಿತು, ಅಷ್ಟೇ.

ಇದನ್ನು ಬರೆದ ಹ್ಯಾನ್ಸ್ ರೈಸರ್ ಕಥೆ ಬಹಳ ಜನಕ್ಕೆ ಗೊತ್ತು. ಹೆಂಡತಿಯ ಕೊಲೆ ಕೇಸಿನಲ್ಲಿ 2008ರಲ್ಲಿ ಅಪರಾಧಿ ಎಂದು ತೀರ್ಪಾಯಿತು. ಅದರಿಂದಲೇ ಫೈಲ್‌ಸಿಸ್ಟಮ್ ಸತ್ತಿತು ಎಂದು ಸುಮ್ನೆ ಹೇಳುವವರಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಅವನನ್ನು ಹಿಡಿಯುವ ಮೊದಲೇ, 2006ರ ಸೆಪ್ಟೆಂಬರ್‌ನಲ್ಲಿ, ಎಕ್ಸ್ಟ್3ಗೆ ಹೋಗೋಣ ಎಂಬ ಮಾತು ಸೂಸೆಯ ಒಳಗೆ ಎದ್ದಿತ್ತು. ಅವನ ಕಂಪನಿಯ ಗಮನ ಆಗಲೇ ಇದರ ಮುಂದಿನದಾದ ರೈಸರ್4 ಕಡೆಗೆ ಹೋಗಿತ್ತು, ಹಳೆಯದನ್ನು ನೋಡಿಕೊಳ್ಳುವವರು ಕಡಿಮೆಯಾಗಿದ್ದರು. ಆ ಡಿಸೆಂಬರ್‌ನ ಓಪನ್‌ಸೂಸೆ 10.2ರಲ್ಲಿ, ಇನ್‌ಸ್ಟಾಲರ್ ತಾನಾಗಿ ಸೂಚಿಸುವ ಜಾಗಕ್ಕೆ ಎಕ್ಸ್ಟ್3 ಬಂದೇಬಿಟ್ಟಿತು. ಅಂದರೆ ನಾನು ಹತ್ತಿದ ಗಾಡಿ ಒಂದೇ ವರ್ಷದಲ್ಲಿ ಸೈಡಿಂಗಿಗೆ ಹೋಗಿತ್ತು.

ಹಾಗಿದ್ದರೂ 2014ರಲ್ಲಿ ಹೊಸ 500 ಜಿಬಿ ಡಿಸ್ಕ್ ಕೊಂಡಾಗ ಮತ್ತೆ ರೈಸರ್‌ಎಫ್‌ಎಸ್ಸೇ ಹಾಕಿದೆ. ಯಾಕೆ ಅಂತ ಕೇಳಬೇಡಿ. ಅಭ್ಯಾಸಬಲ. 2022ರಲ್ಲಿ ಕರ್ನೆಲ್ 5.18ರವರು ‘ಇದನ್ನು 2025ರಲ್ಲಿ ತೆಗೆಯುತ್ತೇವೆ, ಇನ್ನೂ ಬಳಸುತ್ತಿದ್ದರೆ ತಿಳಿಸಿ’ ಎಂದು ಬರೆದೇ ಇಟ್ಟಿದ್ದರು. ಮೂರು ವರ್ಷದ ನೋಟಿಸ್. ನಮ್ಮ ಸೊಸೈಟಿಯಲ್ಲಿ ನೀರು ನಿಲ್ಲಿಸುವುದಕ್ಕೂ ಇಷ್ಟು ಮೊದಲು ಹೇಳುವುದಿಲ್ಲ. ತೆಗೆದವರ ಮೇಲೆ ನನಗೆ ಸಿಟ್ಟಿಲ್ಲ. ಕರ್ನೆಲ್‌ನ ಒಳಗೆ ಏನು ಬದಲಾದರೂ ಇದನ್ನೂ ಮುಟ್ಟಬೇಕು, ಮುಟ್ಟಿದ್ದನ್ನು ಪರೀಕ್ಷೆ ಮಾಡುವವರಿಲ್ಲ. ಇನ್‌ಸ್ಟಾಲರ್ ಮೇಲೆ ಸ್ವಲ್ಪ ಇದೆ. ‘ಇಲ್ಲಿ ಹಳೇ ಫೈಲ್‌ಸಿಸ್ಟಮ್ ಇದೆ, ಓದಲಾರೆ, ಮುಟ್ಟಬೇಡಿ’ ಎಂದು ಒಂದು ಸಾಲು ಹೇಳಿದ್ದರೆ ಏನು ಹೋಗುತ್ತಿತ್ತು?

ಅಷ್ಟರಲ್ಲಿ ಸಂಘದ ಕಾರ್ಯದರ್ಶಿಯ ಫೋನ್. ಹಳೇ ರಾಜ್ಯೋತ್ಸವದ ಫೋಟೋ ಬೇಕಿತ್ತು ಅವರಿಗೆ. “ಎಂಥ ಮಾರಾಯ್ರೆ, ಫೋಟೋ ಉಂಟಾ ಇಲ್ವಾ?” “ಉಂಟು ಸಾರ್, ಡಿಸ್ಕ್ ಓದ್ಲಿಕ್ಕೆ ಆಗ್ತಾ ಇಲ್ಲ, ಅಷ್ಟೇ.” “ಅಂದ್ರೆ ಇಲ್ಲ ಅಂತ ಅರ್ಥ ಅಲ್ವಾ?”

ಇಲ್ಲ ಅಂತ ಅರ್ಥ ಅಲ್ಲ. ಇದೇ ಪೇಚಿನಲ್ಲಿರುವವರಿಗೆ ಹೇಳುತ್ತೇನೆ, ಡೇಟಾ ಎಲ್ಲೂ ಹೋಗಿರುವುದಿಲ್ಲ. ನಾನು ಮೊದಲು 1 ಟಿಬಿ ಡಿಸ್ಕ್ ತಂದು, ಡಿಡಿ ಕಮಾಂಡಿನಿಂದ ಹಳೇ ಡಿಸ್ಕಿನ ಪೂರ್ತಿ ನಕಲು ತೆಗೆದೆ. ಎರಡು ಗಂಟೆ ಹತ್ತಿರ ಹಿಡಿಯಿತು. ಇದನ್ನು ಬಿಡಬೇಡಿ. ‘ರೀಡ್ ಓನ್ಲಿ’ ಅಂದರೂ ಜರ್ನಲ್‌ನಲ್ಲಿ ಏನಾದರೂ ಬಾಕಿ ಇದ್ದರೆ ಮೌಂಟ್ ಮಾಡುವಾಗ ರೈಸರ್‌ಎಫ್‌ಎಸ್ ಅದನ್ನು ಡಿಸ್ಕಿಗೆ ಬರೆಯಬಹುದು. ಆಮೇಲೆ ಡ್ರಾಯರ್‌ನಲ್ಲಿದ್ದ ಹಳೇ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ನಡೆಸುವಂಥದ್ದು) ಬೂಟ್ ಮಾಡಿದೆ. ಅದರ ಕರ್ನೆಲ್ 4ರ ಕಾಲದ್ದು, ರೈಸರ್‌ಎಫ್‌ಎಸ್ ಗೊತ್ತು. ನಕಲನ್ನು ಮೌಂಟ್ ಮಾಡಿ, ಫೈಲ್ ನಕಲಿಸುವ ಆರ್‌ಸಿಂಕ್‌ನಿಂದ ಎಲ್ಲವನ್ನೂ ಎಕ್ಸ್ಟ್4 ಪಾರ್ಟಿಶನ್‌ಗೆ ಸಾಗಿಸಿದೆ. ಪುಟಾಣಿ ಫೈಲ್‌ಗಳು ಹೊಸ ಮನೆಯಲ್ಲಿ ಹೆಚ್ಚು ಜಾಗ ತಿಂದವು. ಈಗಿನ ಡಿಸ್ಕಿನ ಬೆಲೆಯಲ್ಲಿ ಅದಕ್ಕೆ ಯಾರು ಅಳುತ್ತಾರೆ?

ಇವತ್ತಿನ ಲೆಕ್ಕದಲ್ಲಿ ಎರಡು ಸ್ಟಾರ್. ಒಂದು ಲೋಡ್‌ಶೆಡ್ಡಿಂಗ್ ದಿನಗಳಿಗೆ, ಇನ್ನೊಂದು ಇಪ್ಪತ್ತು ವರ್ಷದ ಮೇಲೂ ಒಂದೂ ಫೋಟೋ ಕಳೆಯದೆ ವಾಪಸ್ ಕೊಟ್ಟದ್ದಕ್ಕೆ.

ಫೋಟೋ ಕಳಿಸಿದೆ. ಕಾರ್ಯದರ್ಶಿ ಖುಷಿಯಾಗಿ 2007ರ ಸ್ಮರಣ ಸಂಚಿಕೆಯ ಲೇಖನಗಳೂ ಬೇಕು ಅಂದರು. ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಸೇರಿದ ಕಲಸುಮೇಲೋಗರ. ಯೂನಿಕೋಡ್‌ಗೆ ಮುಂಚಿನ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್‌ಗಳು. ಈಗ ಪರಿವರ್ತಕ ಹಾಕಿ ಒಂದೊಂದೇ ತಿರುಗಿಸುತ್ತಿದ್ದೇನೆ. ಒತ್ತಕ್ಷರ ಅಲ್ಲಲ್ಲಿ ಕೈಯಲ್ಲೇ ತಿದ್ದಬೇಕು. 34 ಲೇಖನಗಳಲ್ಲಿ ಹನ್ನೊಂದು ಮುಗಿದಿವೆ.