ತಾತ್ಕಾಲಿಕ ಪ್ರಮಾಣಪತ್ರದಿಂದ ಎಸ್‌ಎಸ್‌ಎಚ್ ಲಾಗಿನ್: ಮಲೆನಾಡಿನಲ್ಲಿ ನೋಡಿದ ಮೂರು ದಾರಿಗಳು

ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರದ ಅಡಿಕೆ ತೋಟಗಳಲ್ಲಿ ಮಳೆಯ ಪ್ರಮಾಣವನ್ನು ದಾಖಲಿಸುವ 9 ರಾಸ್ಪ್‌ಬೆರಿ ಪೈ 4 ಯಂತ್ರಗಳನ್ನು (ಅಂಗೈಯಗಲದ ಪುಟ್ಟ ಕಂಪ್ಯೂಟರ್‌ಗಳನ್ನು) ನಾವು ನಾಲ್ವರು ಶಿವಮೊಗ್ಗದಿಂದ ಎಸ್‌ಎಸ್‌ಎಚ್ ಮೂಲಕ, ಅಂದರೆ ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನದಿಂದ, ನೋಡಿಕೊಳ್ಳುತ್ತೇವೆ. ಮೊದಲು ಎಲ್ಲರ ಪಬ್ಲಿಕ್ ಕೀಗಳನ್ನೂ (ಲಾಗಿನ್ ಆಗುವವರ ಗುರುತನ್ನು ಯಂತ್ರ ಪರೀಕ್ಷಿಸಲು ಬಳಸುವ ಕೀಗಳನ್ನು) ಎಲ್ಲ ಯಂತ್ರಗಳಿಗೆ ಸೇರಿಸಿಟ್ಟಿದ್ದೆವು. ಕೆಲಸ ಬಿಟ್ಟು ಹೋದವರೊಬ್ಬರ ಕೀ ಒಂದೂವರೆ ವರ್ಷದ ಮೇಲೂ ಎರಡು ಯಂತ್ರಗಳಲ್ಲಿ ಉಳಿದಿರುವುದು ಕಣ್ಣಿಗೆ ಬಿದ್ದಾಗ, ಯಂತ್ರಗಳು ನಂಬುವ ಒಂದು ಕೀಯಿಂದ ಸಹಿ ಮಾಡಿದ, ಅವಧಿ ಮುಗಿದೊಡನೆ ತಾನಾಗಿಯೇ ರದ್ದಾಗುವ ಪ್ರಮಾಣಪತ್ರಗಳೇ ಸರಿ ಎನಿಸಿತು.

ಅಂಥ ಪ್ರಮಾಣಪತ್ರ ಕೊಡಬಲ್ಲ ಸರ್ವರ್ ತಂತ್ರಾಂಶವಾದ ಹ್ಯಾಶಿಕಾರ್ಪ್ ವಾಲ್ಟ್ ಅನ್ನು ಒಂದು ವಾರ ಮಾತ್ರ ಬಳಸಿದೆ. ಅದು ಪ್ರತಿ ಸಲ ಮರುಪ್ರಾರಂಭವಾದಾಗ ಮೊಹರು ಹಾಕಿದ ಸ್ಥಿತಿಯಲ್ಲೇ ಏಳುತ್ತದೆ. ಮೂಲ ವ್ಯವಸ್ಥೆಯಲ್ಲಿ ತೆರೆಯುವ ಕೀಯ 5 ಪಾಲುಗಳ ಪೈಕಿ 3 ಸೇರಿದರೆ ಮಾತ್ರ ತೆರೆಯುತ್ತದೆ. ದೊಡ್ಡ ಸಂಸ್ಥೆಗೆ ಇದು ಒಳ್ಳೆಯ ಕಾವಲು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಬಾರಿ ಕರೆಂಟ್ ಹೋಗುವ ನಮ್ಮ ಕಚೇರಿಗೆ ಹೊಂದುವುದಿಲ್ಲ.

ಪ್ರಮಾಣಪತ್ರ ಕೊಡುವ ಇನ್ನೊಂದು ಸರ್ವರ್ ತಂತ್ರಾಂಶ ಸ್ಟೆಪ್-ಸಿಎ ಇದಕ್ಕಿಂತ ಹಗುರ. ಬ್ರೌಸರ್‌ನಲ್ಲಿ ಇಮೇಲ್ ಖಾತೆಯಿಂದ ಲಾಗಿನ್ ಆದರೆ ಸಾಮಾನ್ಯವಾಗಿ 16 ಗಂಟೆಯ ಪ್ರಮಾಣಪತ್ರ ಸಿಗುತ್ತದೆ, ಕೈಯಿಂದ ಸಹಿ ಮಾಡುವ ಕೆಲಸವಿಲ್ಲ. ಆದರೆ ಆ ಸರ್ವರ್ ಮತ್ತು ಇಂಟರ್ನೆಟ್ ಎರಡೂ ಎಚ್ಚರವಾಗಿರಬೇಕು. ಹತ್ತಾರು ಜನರಿದ್ದಿದ್ದರೆ ಇದನ್ನೇ ಆರಿಸುತ್ತಿದ್ದೆ.

ಕೊನೆಗೆ ಉಳಿಸಿಕೊಂಡದ್ದು 2010ರ 5.4ನೇ ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್‌ನೊಳಗೇ (ಎಸ್‌ಎಸ್‌ಎಚ್‌ಗೆ ನಾವು ಬಳಸುವ ತಂತ್ರಾಂಶ) ಇರುವ ಪ್ರಮಾಣಪತ್ರದ ಸೌಲಭ್ಯವನ್ನು. ಸಹಿ ಮಾಡುವ ಕೀಯ ಪಬ್ಲಿಕ್ ಭಾಗವನ್ನು ಪ್ರತಿ ಯಂತ್ರದಲ್ಲಿಟ್ಟು, ಸಂರಚನೆಯ ಕಡತದಲ್ಲಿ ಒಂದು ಸಾಲು ಬರೆದರಾಯಿತು. ಬೆಳಿಗ್ಗೆ 9ಕ್ಕೆ ಎಸ್‌ಎಸ್‌ಎಚ್-ಕೀಜೆನ್‌ನಿಂದ (ಅದರೊಂದಿಗೇ ಬರುವ ಕೀ ತಯಾರಿಸುವ, ಸಹಿ ಮಾಡುವ ಆದೇಶ) ತಂಡದವರ ಪ್ರಮಾಣಪತ್ರಗಳಿಗೆ 8 ಗಂಟೆಯ ಅವಧಿಗೆ ಸಹಿ ಮಾಡಿಕೊಡುತ್ತೇನೆ. ಪರಿಶೀಲನೆ ಯಂತ್ರದಲ್ಲಿಯೇ ನಡೆಯುವುದರಿಂದ, ಮರ ಬಿದ್ದು ಫೈಬರ್ ತುಂಡಾಗಿದ್ದರೂ ತೋಟಕ್ಕೇ ಹೋಗಿ ಕೇಬಲ್ ಜೋಡಿಸಿ ಒಳಹೋಗಬಹುದು. ಅವಧಿಯನ್ನು ಲಾಗಿನ್ ಆಗುವಾಗ ಮಾತ್ರ ನೋಡಲಾಗುತ್ತದೆ, ಆಗಲೇ ತೆರೆದಿರುವ ಸೆಷನ್ 8 ಗಂಟೆ ಕಳೆದರೂ ಕಡಿಯುವುದಿಲ್ಲ ಎಂಬುದನ್ನು ತಂಡದವರಿಗೆ ಮೊದಲೇ ತಿಳಿಸಿರಬೇಕು.

ಈ ದಾರಿಯ ದೊಡ್ಡ ತೊಡಕು ಗೊತ್ತಾದದ್ದು ಆಗುಂಬೆ ಕಡೆಯ ಒಂದು ತೋಟದಲ್ಲಿ, ಜುಲೈ ತಿಂಗಳಿನಲ್ಲಿ. ಸೋಮವಾರ 11ರ ಹೊತ್ತಿಗೆ ಹೋದ ಕರೆಂಟ್ ಬುಧವಾರ ಬಂದಿತ್ತು, ಫೈಬರ್ ಬಂದಿರಲಿಲ್ಲ. ಕೇಬಲ್ ಜೋಡಿಸಿ ಅಂದಿನ ಪ್ರಮಾಣಪತ್ರ ಕೊಟ್ಟರೆ ಯಂತ್ರ ಒಪ್ಪಲಿಲ್ಲ. ಯಜಮಾನರು ಜಗುಲಿಯ ಟಿವಿಯನ್ನೇ ಬಿಚ್ಚಿ ತಂದುಕೊಟ್ಟರು. ಅದರ ಪರದೆಯಲ್ಲಿ ಯಂತ್ರದ ಲಾಗ್ (ನಡೆದದ್ದನ್ನು ಅದು ಬರೆದಿಡುವ ದಾಖಲೆ) ತೆರೆದು ನೋಡಿದಾಗ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ ಎಂದಿತ್ತು. ಪೈ 4ರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಕೊನೆಯದಾಗಿ ಉಳಿಸಿಕೊಂಡ ಸಮಯದಿಂದ ಅದು ಎಣಿಕೆ ಮುಂದುವರಿಸುತ್ತದೆ, ನೆಟ್ ಸಿಕ್ಕ ಮೇಲಷ್ಟೇ ಸರಿಪಡಿಸಿಕೊಳ್ಳುತ್ತದೆ. ಅದರ ಲೆಕ್ಕದಲ್ಲಿ ಅಂದು ಇನ್ನೂ ಸೋಮವಾರ. ಲ್ಯಾಪ್‌ಟಾಪ್‌ನಲ್ಲಿ ಬೇರೆ ಹೆಸರಿನಿಂದ ಉಳಿದಿದ್ದ ಸೋಮವಾರದ, ಅಂದರೆ ನಿಜಕ್ಕೂ ಅವಧಿ ಮುಗಿದಿದ್ದ ಪ್ರಮಾಣಪತ್ರವನ್ನು ಕೊಟ್ಟೆ. ತಕ್ಷಣ ಒಳಗೆ ಬಿಟ್ಟಿತು! ಲಾಗಿನ್ ಆಗದಿದ್ದುದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಗಡಿಯಾರ ಹಿಂದೆ ಬಿದ್ದ ಯಂತ್ರದಲ್ಲಿ 8 ಗಂಟೆ ಎಂಬ ಮಿತಿಗೆ ಅರ್ಥವೇ ಇರುವುದಿಲ್ಲ. ಪ್ರಮಾಣಪತ್ರದ ಆರಂಭವನ್ನು ಮೂರು ದಿನ ಹಿಂದಕ್ಕೆ ಹಾಕಿ ಸಹಿ ಮಾಡುವ ಉಪಾಯವುಂಟು, ಆದರೆ ಅದರಿಂದ ಈ ಎರಡನೆಯ ದೋಷ ಹೋಗುವುದಿಲ್ಲ.

ಪರಿಹಾರವೆಂದು ನಾಣ್ಯದಂಥ ಸಿಆರ್2032 ಬ್ಯಾಟರಿಯಿಂದ ನಡೆಯುವ ಡಿಎಸ್3231 ಗಡಿಯಾರದ ಮಾಡ್ಯೂಲನ್ನು 7 ಯಂತ್ರಗಳಿಗೆ ಅಳವಡಿಸಿದ್ದೇನೆ. ಸಾಗರದ ಎರಡು ಬಾಕಿ ಇವೆ. ಅಲ್ಲಿಗೆ ಹೋಗಿಬರುವವರೆಗೆ ಅವುಗಳಲ್ಲಿ ಪ್ರಮಾಣಪತ್ರದ ಲಾಗಿನ್ ನಿಲ್ಲಿಸಿ, ನನ್ನ ಹಳೆಯ ಕೀಯೊಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.